ಎಡಗಡೆಯ ಮಡ್‌ಗಾರ್ಡ್

ಹೋದ ವಾರ ಪಾತ್ರೆ ತೊಳೆಯುವ ಸಾಬೂನಿನ ಚೂರೊಂದು ಅದು ಹೇಗೋ ಉರಿಯುವ ಗ್ಯಾಸ್ ಒಲೆಯ ಮೇಲೆ ಬಿತ್ತು. ಅಡುಗೆಮನೆಯೆಲ್ಲ ಹೊಗೆ. ಸೊಸೆ ಕಿಟಕಿ ತೆಗೆಯಲು ಓಡಿದಳು. ನಾನು ಮಾತ್ರ ಮೂಗರಳಿಸಿಕೊಂಡು ಅಲ್ಲೇ ನಿಂತುಬಿಟ್ಟೆ. ಸುಟ್ಟ ಸಾಬೂನಿನ ಆ ವಾಸನೆ ಮೂಗಿಗೆ ಬಿದ್ದು ನಲವತ್ತು ವರ್ಷದ ಮೇಲಾಗಿತ್ತು. ಚಾಮರಾಜಪೇಟೆಯ ನಮ್ಮ ವಠಾರದ ಹಿಂದಿನ ಗಲ್ಲಿ, ಅಲ್ಲಿನ ತಗಡಿನ ಶೆಡ್ಡು, ಅದರೊಳಗೆ ಟಿಂಕರಿಂಗ್ ಮಾಮ...

ನಾವು ಅವರನ್ನು ಹಾಗೆಯೇ ಕರೆಯುತ್ತಿದ್ದೆವು. ಪಕ್ಕದ ಮನೆಯವರು. ಅವರ ತಂದೆ ತಾಮ್ರದ ಹಂಡೆ ಬಡಿಯುತ್ತಿದ್ದವರು. ಮಾಮ ನೆಗ್ಗಿದ ಕಾರುಗಳನ್ನು ಬಡಿದು ನೇರ ಮಾಡುತ್ತಿದ್ದರು. ಟೇಪು, ಸ್ಕೇಲು ಯಾವುದೂ ಬೇಕಿರಲಿಲ್ಲ. ಅಂಗೈಯನ್ನು ಒಮ್ಮೆ ತಗಡಿನ ಮೇಲೆ ಆಡಿಸಿ, ಒಂದು ಕಣ್ಣು ಮುಚ್ಚಿ ನೋಡಿದರೆ ಮುಗಿಯಿತು. ಅವರ ಕಣ್ಣಳತೆಯ ಖ್ಯಾತಿ ಮಾಮೂಲ್‌ಪೇಟೆಯ ತಗಡಿನ ಅಂಗಡಿಗಳವರೆಗೂ ಹರಡಿತ್ತು. ಆ ಹೆಸರೇ ಅವರ ಆಸ್ತಿ, ಅದು ಬಿಟ್ಟರೆ ಬಾಡಿಗೆಯ ಶೆಡ್ಡು.

ಎಪ್ಪತ್ತರ ದಶಕದ ಕೊನೆಯಲ್ಲಿ ಆ ಶೆಡ್ಡಿಗೆ ಒಂದು ಇಟಲಿ ಕಾರು ಬಂತು. ಕುಮಾರ ಪಾರ್ಕಿನ ಸಾಹೇಬರೊಬ್ಬರದು. ರೇಸಿಗೆಂದೇ ಕಟ್ಟಿದ ಗಾಡಿ. ಇಡೀ ಪ್ರಪಂಚದಲ್ಲಿ ಬೆರಳಲ್ಲಿ ಎಣಿಸುವಷ್ಟೇ ಮಾಡಿದ್ದರಂತೆ, ಅದರಲ್ಲೊಂದು ಯಾವುದೋ ರಾಜರ ಲಾಯದಿಂದ ಇವರ ಕೈಗೆ ಬಂದಿತ್ತು. ಮೇಲೆ ಚಾವಣಿಯಿಲ್ಲ, ಎರಡೇ ಸೀಟು, ನನ್ನ ಸೊಂಟದಷ್ಟೂ ಎತ್ತರವಿಲ್ಲ. ಕೆಂಪು ಬಣ್ಣ ಮಾಸಿತ್ತು, ಆದರೂ ವಠಾರಕ್ಕೆ ವಠಾರವೇ ಕೈಕಟ್ಟಿ ನಿಂತು ನೋಡಿತು. ಸಾಹೇಬರು ತಮ್ಮದೇ ಗೇಟಿನ ಕಂಬಕ್ಕೆ ಗುದ್ದಿದ್ದರಿಂದ ಮುಂದಿನ ಎಡಗಡೆಯ ಮಡ್‌ಗಾರ್ಡ್ ಮುದುರಿದ ಕಾಗದದ ಉಂಡೆಯಂತಾಗಿತ್ತು. ಎರಡು ತಿಂಗಳಲ್ಲಿ ಮದ್ರಾಸಿನ ಕಡೆ ರೇಸು. ಅಷ್ಟರೊಳಗೆ ಹೊಸದು ಬಡಿದು ಕೂಡಿಸಬೇಕಿತ್ತು.

"ಫಿಯಟ್ಟೂ ಇಟಲಿದೇ ಅಲ್ವಾ ಮಾಮ? ದಿನಾ ಬಡೀತೀರಲ್ಲ," ಎಂದು ನಾನು ರೇಗಿಸಿದೆ.

"ಅದು ಮಷೀನಲ್ಲಿ ಒತ್ತಿದ್ದು ಕಣಮ್ಮ. ಇದನ್ನ ಯಾರೋ ನನ್ನಂಥೋನು ಕೂತ್ಕೊಂಡು ಕೈಯಲ್ಲಿ ಬಡ್ದಿದಾನೆ. ಕೈಯಿಟ್ಟು ನೋಡು, ಏಟು ಗೊತ್ತಾಗುತ್ತೆ," ಎಂದರು. ಅವರ ಮುಖದಲ್ಲಿ ಅಂಥ ಸಂತೋಷವನ್ನು ನಾನು ಮಗಳ ಮದುವೆಯ ದಿನವೂ ಕಂಡಿರಲಿಲ್ಲ. ತಾವು ಬಡಿದ ತಗಡು ಒಂದು ದಿನ ರೇಸಿನಲ್ಲಿ ಓಡಬೇಕು ಎನ್ನುವುದೊಂದೇ ಅವರ ತಲೆಯಲ್ಲಿ ಕೂತಿತ್ತು.

ಅಷ್ಟು ಆಸೆಯಿದ್ದದ್ದಕ್ಕೇ ಇರಬೇಕು, ಜೀವನದಲ್ಲಿ ಮೊದಲ ಸಲ ಅವರಿಗೆ ತಮ್ಮ ಕಣ್ಣಿನ ಮೇಲೆ ಅನುಮಾನ ಬಂತು. ನಾನಾಗ ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದೆ. "ನೀನು ರವಿಕೆಗೆ ಕಾಗದ ಕತ್ತರಿಸ್ತೀಯಲ್ಲ, ಹಾಗೇ ಇದಕ್ಕೂ ಒಂದು ಕತ್ತರಿಸ್ಕೊಡು," ಎಂದರು. ನನಗೋ ಹೆಮ್ಮೆ! ಬಲಗಡೆಯ ಮಡ್‌ಗಾರ್ಡ್ ಚೆನ್ನಾಗಿತ್ತು. ಅದರ ಮೇಲೆ ಕಂದು ಕಾಗದ ಹಾಸಿ, ರವಿಕೆಯ ಎದೆಯ ಭಾಗಕ್ಕೆ ಹಿಡಿಯುವಂತೆ ಉಬ್ಬಿದ ಕಡೆ ಟಕ್ಸ್ ಮಡಿಕೆ ಹಿಡಿದು, ಸೀಮೆಸುಣ್ಣದಲ್ಲಿ ಗುರುತು ಮಾಡಿ ಕತ್ತರಿಸಿದೆ. ಆಮೇಲೆ ಕಾಗದವನ್ನು ಮಗುಚಿ, "ತಗೊಳ್ಳಿ ಮಾಮ, ಎಡಗಡೆಯೂ ಆಯ್ತು," ಎಂದೆ. ರವಿಕೆಗೆ ನಾವು ಮಾಡುವುದೇ ಹಾಗೆ. ಒಂದು ಪಕ್ಕ ಅಳೆದರೆ ಸಾಕು, ಇನ್ನೊಂದು ತಾನಾಗಿ ಬರುತ್ತದೆ.

ಇದು ನಡೆದಾಗ ಅವರ ಹೆಂಡತಿ, ನಾವು ಅತ್ತೆ ಎನ್ನುತ್ತಿದ್ದವರು, ಊರಲ್ಲಿರಲಿಲ್ಲ, ಮಗಳ ಬಾಣಂತನಕ್ಕೆಂದು ತುಮಕೂರಿಗೆ ಹೋಗಿದ್ದರು. ಕಾಗದದ ವಿಷಯ ಗೊತ್ತಿದ್ದದ್ದು ನಮ್ಮಿಬ್ಬರಿಗೇ.

ಆರು ವಾರ ಶೆಡ್ಡಿನಿಂದ ಟಕ್ ಟಕ್ ಸದ್ದು. ಅಲ್ಯೂಮಿನಿಯಂ ತಗಡಿಗೆ ಬಾರ್ ಸಾಬೂನು ಉಜ್ಜಿ ಗ್ಯಾಸಿನ ಬೆಂಕಿ ಹಿಡಿಯುತ್ತಿದ್ದರು. ಸಾಬೂನು ಕಪ್ಪಾದರೆ ತಗಡು ಮೆತ್ತಗಾಯಿತು ಎಂದು ಲೆಕ್ಕ. ಮರಳು ಚೀಲದ ಮೇಲಿಟ್ಟು ಮರದ ಕೊಡತಿಯಲ್ಲಿ ಬಡಿಯುವುದು, ನನ್ನ ಕಾಗದ ಹಾಸಿ ನೋಡುವುದು, ಮತ್ತೆ ಬಡಿಯುವುದು. ಮುದ್ದೆಯಾದ ಹಳೆಯ ಮಡ್‌ಗಾರ್ಡನ್ನು ಕತ್ತರಿಸಿ ವೆಲ್ಡಿಂಗ್ ಅಭ್ಯಾಸ ಮಾಡಿದರು. ಕಾಗದ ಇದೆಯಲ್ಲ, ಅದಿನ್ನೇಕೆ ಎಂದು.

ರೇಸಿಗೆ ಮೂರೇ ದಿನ ಇದ್ದಾಗ ಕೂಡಿಸಿದರು. ಕೂರಲಿಲ್ಲ. ಕಾರಿನ ಮೂತಿಯ ಹತ್ತಿರ ಎರಡು ಬೆರಳು ಸಂದು. ತೆಗೆದು ಮತ್ತೆ ಕೂಡಿಸಿದರು, ಮತ್ತೆ ಅದೇ ಸಂದು. ಮಾಮ ನೆಲದ ಮೇಲೆ ಮಂಡಿಯೂರಿ ಒಳಗಿನ ಕಂಬಿಗಳ ಮೇಲೆ ಅಂಗೈ ಆಡಿಸಿದರು, ಮೊದಲು ಬಲಕ್ಕೆ, ಆಮೇಲೆ ಎಡಕ್ಕೆ. ಎಡಗಡೆ ಉದ್ದವಿತ್ತು. ಮೊದಲಿನಿಂದಲೂ ಹಾಗೇ ಇತ್ತು. ಇಟಲಿಯಲ್ಲಿ ಕೂತು ಬಡಿದವನು ಕಾಗದ ಕತ್ತರಿಸಿದವನಲ್ಲ. ಅವನೂ ಕಣ್ಣಳತೆಯವನೇ, ಅವನಿಗೆ ಎರಡೂ ಪಕ್ಕ ಒಂದೇ ಎಂದು ಕಂಡಿತ್ತು, ಅಷ್ಟೇ.

ಮೂರು ದಿನದಲ್ಲಿ ಇನ್ನೊಂದು ಬಡಿಯುವಂತಿರಲಿಲ್ಲ. ನನಗೆ ಅಳು ಬಂತು. "ನಿನ್ನ ತಪ್ಪಲ್ಲ ಬಿಡಮ್ಮ. ನಾನು ಕೈಯಿಟ್ಟು ನೋಡ್ಬೇಕಿತ್ತು," ಎಂದರು.

ಸಾಯಂಕಾಲ ಸಾಹೇಬರು ಬಂದರು. ಸಂದು ನೋಡಿ ಮುಖ ಕಪ್ಪಿಟ್ಟಿತು. "ನಿಮ್ಮ ಕಣ್ಣಳತೆ ಅಂದ್ರೆ ದೇವರು ಅಂತ ಹೇಳಿದ್ರಲ್ರೀ ಜನ. ಯಾರು ಅಳತೆ ತೆಗೆದಿದ್ದು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಬಾಗಿಲಲ್ಲಿ ನಿಂತಿದ್ದ ನಾನು ಕೈಲಿದ್ದ ಕತ್ತರಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡೆ.

"ನಾನೇ ಸಾರ್," ಎಂದರು ಮಾಮ.

ಮಾರನೆಯ ದಿನ ಸಾಹೇಬರು ಕಾರನ್ನು ಲಾರಿಗೆ ಏರಿಸಿಕೊಂಡು ಹೋದರು. ರೇಸು ತಪ್ಪಿತು. ಟಿಂಕರಿಂಗ್ ಮಾಮನಿಗೆ ಕಣ್ಣು ಮಂದವಾಗಿದೆಯಂತೆ ಎಂಬ ಸುದ್ದಿ ಮಾತ್ರ ಚಾಮರಾಜಪೇಟೆಯಲ್ಲೆಲ್ಲ ಓಡಿತು. ನನ್ನನ್ನು ಕೇಳಿದವರಿಗೆ ನಾನೂ "ಹೌದಂತೆ ಪಾಪ" ಎಂದೆ. ಹೇಳಬಾರದಿತ್ತು. ಇಪ್ಪತ್ತೆರಡರ ವಯಸ್ಸು, ರವಿಕೆಗೆ ಗಿರಾಕಿಗಳು ಆಗಷ್ಟೇ ಬರುತ್ತಿದ್ದರು, ಅಳತೆ ತಪ್ಪುವವಳು ಎಂದು ಹೆಸರು ಬಂದರೆ ಎಂಬ ಹೆದರಿಕೆ. ಹೆದರಿಕೆ ಏನು ಬಂತು, ಸ್ವಾರ್ಥ ಎಂದರೆ ಸರಿ.

ತುಮಕೂರಿನಿಂದ ಬಂದ ಅತ್ತೆ ಗಂಡನನ್ನು ಎಳೆದುಕೊಂಡು ಕಣ್ಣಿನ ಡಾಕ್ಟರ ಹತ್ತಿರ ಹೋದರು. ಸಣ್ಣ ಪವರಿನ ದಪ್ಪ ಫ್ರೇಮಿನ ಕನ್ನಡಕ ಬಂತು. ಮಾಮ ಅದನ್ನು ಜೇಬಿನಲ್ಲಿಟ್ಟುಕೊಂಡು ಬಡಿಯುತ್ತಿದ್ದರು. ಗಲ್ಲಿಯಲ್ಲಿ ಅತ್ತೆಯ ಬಳೆ ಸದ್ದು ಕೇಳಿದರೆ ಗಡಿಬಿಡಿಯಿಂದ ಮೂಗಿಗೇರಿಸಿ ಕಾಫಿ ಲೋಟಕ್ಕೆ ಕೈಚಾಚುತ್ತಿದ್ದರು. ನನ್ನ ಕಡೆ ನೋಡಿ ಕಣ್ಣು ಮಿಟುಕಿಸುವರು. ನಾನು ನಗುತ್ತಿದ್ದೆ, ಆಮೇಲೆ ಏನಾದರೂ ನೆಪ ಹೇಳಿ ಮನೆಗೆ ಎದ್ದು ಬರುತ್ತಿದ್ದೆ. ದೊಡ್ಡ ಕೆಲಸಗಳು ಆಮೇಲೆ ಅವರ ಹತ್ತಿರ ಬರಲಿಲ್ಲ. ಸ್ಕೂಟರಿನ ನೆಗ್ಗು, ಬೀರುವಿನ ಬಾಗಿಲು, ಇಂಥವು. ಎಂಬತ್ತರ ನಡುವಿನಲ್ಲಿ ಆ ಕಾರನ್ನು ಯಾರೋ ಪರದೇಶದವರು ಕೊಂಡು ಹಡಗಿಗೆ ಹಾಕಿದರಂತೆ ಎಂದು ಗೊತ್ತಾದಾಗ ಅವರು ಕೇಳಿದ್ದು ಒಂದೇ: "ಎಡಗಡೆ ಯಾರು ಬಡಿದ್ರಂತೆ?"

ಮಾಮ ಹೋಗಿ ಬಹಳ ವರ್ಷಗಳಾದವು. ಕೊನೆಯವರೆಗೂ ಅತ್ತೆಯ ಮುಂದೆ ಕನ್ನಡಕ ತೆಗೆಯಲಿಲ್ಲ, ನನ್ನ ಹೆಸರನ್ನೂ ಎತ್ತಲಿಲ್ಲ.

ಈ ಭಾನುವಾರ ಮನಸ್ಸು ತಡೆಯದೆ ಬಸವನಗುಡಿಗೆ, ಮಗಳ ಮನೆಯಲ್ಲಿರುವ ಅತ್ತೆಯನ್ನು ನೋಡಲು ಹೋದೆ. ತೊಂಬತ್ತರ ಹತ್ತಿರ ವಯಸ್ಸು, ಮಾತು ಇನ್ನೂ ಖಡಕ್ಕು. ಅವರೇ ವಿಷಯ ತೆಗೆದರು: "ಕಣ್ಣು ಹೋಗಿತ್ತು ಕಣೇ ಅವರಿಗೆ, ಅದಕ್ಕೇ ಆ ಇಟಲಿ ಗಾಡಿ ಕೆಡ್ತು." ನಾನು ಹೇಳಿಬಿಟ್ಟೆ. ಕಾಗದ, ಮಗುಚಿದ್ದು, ಕತ್ತರಿ ಮುಚ್ಚಿಟ್ಟದ್ದು, ಎಲ್ಲ.

ಅತ್ತೆ ನನ್ನ ಕಡೆ ತಿರುಗಿ ಕೂತರು. "ಹಾಗಾದ್ರೆ ಅವರ ಕಣ್ಣು ಚೆನ್ನಾಗೇ ಇತ್ತಾ?" ಎಂದರು. ನಾನು ಹೌದೆಂದು ತಲೆಯಾಡಿಸಿದೆ. "ಅಯ್ಯೋ... ಕೆಲಸ ಮಾಡೋವಾಗೆಲ್ಲ ಬೈತಿದ್ದೆನಲ್ಲೇ. ನಿಮಗೆ ಕಾಣಲ್ಲ, ಕೊಡತಿ ಕೆಳಗಿಡಿ ಅಂತ. ಒಂದಿನಾನೂ ಎದುರು ಮಾತಾಡಲಿಲ್ಲ."

ಅವರು ಅತ್ತರು. ನಾನು ಅವರ ಕೈ ಹಿಡಿದುಕೊಂಡು ಕೂತೆ. ಕ್ಷಮೆ ಕೇಳಬೇಕಾದದ್ದು ಯಾರನ್ನು ಎಂದು ಇಬ್ಬರಿಗೂ ಗೊತ್ತಿತ್ತು, ಅವರು ಇರಲಿಲ್ಲ.