ಹುಣಸೆಹಣ್ಣು ಮತ್ತು ಚಕ್ರವರ್ತಿಯ ಮೂಗು

ಮನೆಯಲ್ಲಿ ಹುಣಸೆಹಣ್ಣು ನೆನೆಹಾಕಿದ ವಾಸನೆ ಬಂದರೆ ನನ್ನ ಎದೆ ಡವಗುಟ್ಟುತ್ತದೆ. ಹಾವಿಗೆ, ಗುಡುಗಿಗೆ, ಶಾಲಾ ತಪಾಸಣೆಗೆ ಬರುವ ಸಾಹೇಬರಿಗೆ ಹೆದರುವವರನ್ನು ನೀವು ಕಂಡಿರುತ್ತೀರಿ. ಸಾರಿಗೆ ಹುಳಿ ಕೊಡುವ ನಿರುಪದ್ರವಿ ಹಣ್ಣಿಗೆ ಹೆದರುವ ಹೈಸ್ಕೂಲು ಮಾಸ್ತರನನ್ನು ಕಂಡಿರಲಾರಿರಿ. ಆ ಅಪೂರ್ವ ಪ್ರಾಣಿ ನಾನು, ನವಲಗುಂದದ ನಿವಾಸಿ.

ಇದಕ್ಕೆ ಮೂಲ ನನ್ನದೊಂದು ಗೀಳು. ಮುಂಬೈಯ ನಾಣ್ಯವ್ಯಾಪಾರಿಯೊಬ್ಬರಿಂದ ರೋಮನ್ ಸಾಮ್ರಾಜ್ಯದ ದೂರದ ಪ್ರಾಂತಗಳ ತಾಮ್ರದ ನಾಣ್ಯಗಳನ್ನು ಅಂಚೆಯಲ್ಲಿ ತರಿಸುತ್ತೇನೆ. ಚಿನ್ನ ಬೆಳ್ಳಿಯವು ಮಾಸ್ತರಿಕೆಯ ಸಂಬಳಕ್ಕೆ ನಿಲುಕುವುದಿಲ್ಲ. ಇವು ಸವೆದ, ಕಿಲುಬು ಹಿಡಿದ, ಯಾರಿಗೂ ಬೇಡವಾದ ಬಿಲ್ಲೆಗಳು. ಆದರೆ ಪ್ರತಿಯೊಂದರ ಮೇಲೂ ಒಂದು ಮುಖವಿದೆ. ಉಳಿದ ಸಂಗ್ರಾಹಕರು ಬೆಲೆ ನೋಡುತ್ತಾರೆ, ನಾನು ಮುಖ ನೋಡುತ್ತೇನೆ. ಮುಖಬೆಲೆ ಎಂಬ ಮಾತಿನ ನಿಜವಾದ ಅರ್ಥ ತಿಳಿದವನು ಈ ತಾಲ್ಲೂಕಿನಲ್ಲಿ ನಾನೊಬ್ಬನೇ ಎಂಬ ಜಂಬವೂ ಉಂಟು. ರೋಮಿನಲ್ಲೇ ಅಚ್ಚಾದ ನಾಣ್ಯದಲ್ಲಿ ಚಕ್ರವರ್ತಿ ಚಕ್ರವರ್ತಿಯಂತೆಯೇ ಇರುತ್ತಾನೆ. ಪ್ರಾಂತದ ಊರುಗಳಲ್ಲಿ ಅಚ್ಚು ಕೊರೆದ ಕಸುಬಿಗನಾದರೋ ಬಹುಶಃ ಅವನನ್ನು ಕಣ್ಣಾರೆ ಕಂಡವನಲ್ಲ. ಕೇಳಿದ ವರ್ಣನೆಗೆ ಕಲ್ಪನೆ ಬೆರೆಸಿ, ತನ್ನ ಓಣಿಯ ಯಾರದೋ ಮೂಗನ್ನು ಅವನಿಗೆ ಅಂಟಿಸಿಬಿಡುತ್ತಿದ್ದನೆಂದು ನನ್ನ ಊಹೆ. ಹಾಗಾಗಿಯೇ ನನ್ನ ಡಬ್ಬಿಯ ಚಕ್ರವರ್ತಿಗಳಲ್ಲಿ ಒಬ್ಬ ತಿರ್ಲಾಪುರದ ಹತ್ತಿ ದಲಾಲನಂತಿದ್ದಾನೆ, ಇನ್ನೊಬ್ಬ ಹಲ್ಲುನೋವಿನಲ್ಲಿರುವ ನಮ್ಮ ಹೆಡ್ಮಾಸ್ತರರಂತೆ.

ಮೂರನೆಯವನಿಗೆ ಗುಂಗುರು ಗಡ್ಡ, ನೀಳವಾದ ಮೂಗು. ಎಂಬತ್ತೊಂದೋ ಎಂಬತ್ತೆರಡೋ ಇಸವಿ. ಒಂದು ಸಂಜೆ ಶಾಲೆಯಿಂದ ಬಂದು ಡಬ್ಬಿ ತೆರೆದರೆ ಅವನಿಲ್ಲ. ಹುಡುಕಿ ಸುಸ್ತಾಗಿ ದೇವರ ಮನೆಗೆ ಇಣುಕಿದರೆ, ದೇವರನ್ನಿಡುವ ಜಗಲಿಯ ಮೇಲೆ, ಹಿರಿಯರ ಟಾಕುಗಳ ಸಾಲಿನ ಕೊನೆಗೆ, ಹಣೆಗೆ ವಿಭೂತಿ ಧರಿಸಿ ಕುಳಿತಿದ್ದ. ತೀರಿಹೋದವರ ಮುಖವನ್ನು ಬೆಳ್ಳಿಯ ತಗಡಿನಲ್ಲಿ ಮೂಡಿಸಿ ಪೂಜೆಗಿಡುವುದು ನಮ್ಮ ಮನೆತನದ ಪದ್ಧತಿ, ಅದೇ ಟಾಕು. ನನ್ನ ಅಪ್ಪನದು ಮಾತ್ರ ಇರಲಿಲ್ಲ. ನಾನು ತೊಟ್ಟಿಲಲ್ಲಿದ್ದಾಗಲೇ ಹೋದವರು, ಒಂದು ಫೋಟೋ ಕೂಡ ಉಳಿದಿಲ್ಲ. ಅಕ್ಕಸಾಲಿ ಪತ್ತಾರ ಮಾಡಿಕೊಡುವ ಟಾಕಿನಲ್ಲಿ ಅಜ್ಜ ಮುತ್ತಜ್ಜರಿಗೆಲ್ಲ ಒಂದೇ ಮುಖ ಎಂದು ಅವ್ವ ಮಾಡಿಸಲು ಒಪ್ಪಿರಲಿಲ್ಲ.

“ನಿಮ್ಮಪ್ಪಗ ಇಷ್ಟ ದಿನ ಜಗಲಿ ಮ್ಯಾಲೆ ಜಾಗಾನ ಇರಲಿಲ್ಲ” ಎಂದಳು ಅವ್ವ, ಅಷ್ಟೇ.

ನಾನು ಕೈಮುಗಿದು ಹೊರಬಂದೆ. ಇವನು ಪರದೇಶದ ಅರಸನೆಂದು ಹೇಳಿದರೆ ಅವಳ ಮನಸ್ಸು ಮುರಿದೀತೆಂಬ ಭಯ. ಜಗಲಿ ಏರಿದವರನ್ನು ಕೆಳಗಿಳಿಸಿದರೆ ಏನಾದೀತೋ ಎಂಬ, ಮೂಢನಂಬಿಕೆಯ ವಿರುದ್ಧ ತರಗತಿಯಲ್ಲಿ ಭಾಷಣ ಬಿಗಿಯುವವನಿಗೆ ಶೋಭಿಸದ ಭಯ. ಇವೆರಡನ್ನೂ ಮೀರಿಸಿದ್ದು ಅಮಾವಾಸ್ಯೆಯ ಭಯ. ಪ್ರತಿ ಅಮಾವಾಸ್ಯೆಗೆ ಅವ್ವ ಜಗಲಿಯ ಸಾಮಾನನ್ನೆಲ್ಲ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಾಳೆ. ಮೊದಲ ಸಲ ಶತಮಾನಗಳ ಕಿಲುಬು ಹೋಯಿತು. ಆಮೇಲೆ ಗಡ್ಡದ ಗುಂಗುರು, ಹುಬ್ಬು, ಕಿವಿ. ಪಾಠ ಹೇಳುವಾಗಲೂ ಅವಳ ಹೆಬ್ಬೆರಳು ಆ ಮುಖದ ಮೇಲೆ ಓಡಾಡುವುದೇ ಕಣ್ಣಿಗೆ ಕಟ್ಟುತ್ತಿತ್ತು. ನಾನು ಅಂಜುತ್ತಿದ್ದುದು ನಾಣ್ಯಕ್ಕಾಗಿ ಅಲ್ಲವೆಂದು ತಿಳಿಯಲು ಬಹಳ ಕಾಲ ಹಿಡಿಯಿತು. ದಿನವೂ ಕೈಮುಗಿದು ಕೈಮುಗಿದು, ಅಪ್ಪನೆಂದರೆ ನನಗೆ ಆ ಮುಖವೇ ಆಗಿಬಿಟ್ಟಿತ್ತು. ಅದೂ ಅಳಿದರೆ ಅಪ್ಪ ಎರಡನೆಯ ಸಲ ಹೋದಂತೆ.

ಮೂಗಿನ ತುದಿಯೂ ಸವೆಯತೊಡಗಿದ ಒಂದು ಅಮಾವಾಸ್ಯೆಯ ಬೆಳಿಗ್ಗೆ ತಡೆಯಲಾಗಲಿಲ್ಲ. “ಯವ್ವಾ, ತಿಕ್ಕಬ್ಯಾಡ ಬೇ. ಮುಖ ಹೋಗಾಕತ್ತೈತಿ” ಎಂದೆ.

ಅವ್ವ ತಲೆಯೆತ್ತಲಿಲ್ಲ. “ಹೋಗಲಿ ಬಿಡು. ಇವ ನಿಮ್ಮಪ್ಪ ಅಲ್ಲಂತ ನನಗ ಗೊತ್ತಿಲ್ಲೇನು? ಸಾಲಿಯಿಂದ ಬಂದಾಂವ ಕಂಡವರ ಮುಖಾ ನೋಡಕೋತ ಕುಂಡ್ರತಿದ್ದಿ. ನಿನಗಂತ ಒಂದ ಮುಖ ಇರಲಿ ಅಂತ ಇಟ್ಟಿದ್ದೆ.”

ಇಷ್ಟು ದಿನ ಅವಳನ್ನು ಕಾಪಾಡುತ್ತಿದ್ದೇನೆಂದುಕೊಂಡಿದ್ದ ನನಗೆ ನಾಚಿಕೆಯಾಯಿತು. ನಾಚಿಕೆ ಮರೆಸಲೆಂದೇ ಕೇಳಿದೆ: “ಹಂಗಾರ ಅಪ್ಪನ ಮೂಗು ಹೆಂಗಿತ್ತ ಬೇ?”

ಹೇಳಲೆಂದು ಬಾಯಿ ತೆರೆದ ಅವ್ವನ ಬೆರಳುಗಳು ನಿಂತವು. ಕಣ್ಣು ಮುಚ್ಚಿದಳು, ತೆರೆದಳು, ಮತ್ತೆ ಮುಚ್ಚಿದಳು. ಕೊನೆಗೆ ಅಂಗೈಯಲ್ಲಿದ್ದ ನಾಣ್ಯವನ್ನು ನೋಡಿ, “ಹಿಂಗ ಇತ್ತೇನೋ, ತಮ್ಮಾ” ಎಂದಳು. ಅವಳ ದನಿಯಲ್ಲಿ ಹೆದರಿಕೆಯನ್ನು ನಾನು ಕೇಳಿದ್ದು ಅದೇ ಮೊದಲು.

ಅಂದಿನಿಂದ ಅಮಾವಾಸ್ಯೆ ಬಂತೆಂದರೆ ಹುಣಸೆಹಣ್ಣನ್ನು ನಾನೇ ನೆನೆಹಾಕುತ್ತೇನೆ. ಎದೆ ಈಗಲೂ ಡವಗುಟ್ಟುತ್ತದೆ. ಚಕ್ರವರ್ತಿಯನ್ನು ಎಲ್ಲಕ್ಕಿಂತ ಮೊದಲು ಅವ್ವನ ಕೈಗೆ ಕೊಟ್ಟು, ಗಟ್ಟಿಯಾಗಿ ತಿಕ್ಕು ಎಂದು ಎದುರಿಗೇ ಕೂಡುತ್ತೇನೆ. ಅವಳ ನೆನಪಿನಲ್ಲಿ ಅಪ್ಪನ ಮೂಗಿನ ಜಾಗದಲ್ಲಿ ಕುಳಿತಿರುವ ಅವನ ಮೂಗು ಬೇಗ ಸವೆದುಹೋಗಲಿ. ಅವಳಿಗೆ ಅಪ್ಪನ ಮೂಗು ನೆನಪಾಗುವಷ್ಟು ಕಾಲ ಇನ್ನೂ ಉಳಿದಿರಲಿ.