ಮೌಸ್ ಮುಟ್ಟದ ಟೀಚರಮ್ಮ

ತೆಲುಗು ಕರಾವಳಿಯ ಭೀಮುನಿಪಟ್ಟಣದಲ್ಲಿ ಬೆಳಗಿನ ಮೀನುದೋಣಿಗಳು ಇನ್ನೂ ದಡಕ್ಕೆ ಬಂದಿಲ್ಲ. ಅಷ್ಟರಲ್ಲಾಗಲೇ ಅನಸೂಯಾ ಗಂಡ ಬಾಬ್ಜಿಯ ಆಟೋದಲ್ಲಿ ಋಷಿಕೊಂಡದ ದಾರಿ ಹಿಡಿದಿದ್ದಾರೆ. ಅಲ್ಲಿ ಟಿಫಿನ್ ಅಂಗಡಿಯೊಂದರ ಮೇಲಿನ ಕೋಣೆಯ ಬೀಗ ತೆಗೆದು, ಕಂಪ್ಯೂಟರ್‌ಗಳನ್ನು ಒಂದೊಂದಾಗಿ ಚಾಲೂ ಮಾಡುತ್ತಾರೆ. ದೀಪ ಹಾಕುವುದು ಎಷ್ಟೋ ದಿನ ಮರೆತೇ ಹೋಗುತ್ತದೆ. ಅವರಿಗೆ ಕಣ್ಣು ಕಾಣುವುದಿಲ್ಲ. ಕಲಿಯಲು ಬರುವ ಆರು ಮಂದಿಗೂ ಕಾಣುವುದಿಲ್ಲ.

ಈ ಕೋಣೆಯಲ್ಲಿ ಮೌಸ್ ಇಲ್ಲ. ಮೌಸಿನ ಬಲಗುಂಡಿ ಒತ್ತಿದರೆ ಕಡತವನ್ನು ಕಾಪಿ ಮಾಡುವ, ಹೆಸರು ಬದಲಿಸುವ, ಅಳಿಸುವ ಮೆನು ತೆರೆಯುತ್ತದಲ್ಲ, ಅದನ್ನು ಇಲ್ಲಿ ಕೀಬೋರ್ಡಿನ ಮೆನು ಕೀಲಿಯಿಂದಲೇ ತೆರೆಯುತ್ತಾರೆ. ಒಂದೊಂದು ಸಾಲನ್ನೂ ಕಂಪ್ಯೂಟರ್ ಓದಿ ಹೇಳುತ್ತದೆ. ಬೇಕಾದದ್ದು ಕಿವಿಗೆ ಬಿದ್ದಾಗ ಎಂಟರ್.

ಚಿತ್ರದುರ್ಗದ ಅನಸೂಯಾ ಮದುವೆಯಾಗಿ ಇಲ್ಲಿಗೆ ಬಂದವರು. ಬಂದರಿನ ಬಳಿಯ ಕಚೇರಿಯೊಂದರಲ್ಲಿ ಟೈಪಿಸ್ಟ್ ಆಗಿದ್ದರು. ಮೂವತ್ತು ದಾಟಿದ ಮೇಲೆ ದೃಷ್ಟಿ ಮಸುಕಾಗತೊಡಗಿತು. "ಮೊದಲು ಪರದೆ ಮೇಲಿನ ಬಾಣ ಕಳೆದುಹೋಯ್ತು. ಮೌಸ್ ತಳ್ಳುತ್ತಾನೇ ಇರ್ತಿದ್ದೆ, ಅದು ಎಲ್ಲಿದೆ ಅಂತಾನೇ ತಿಳೀತಿರಲಿಲ್ಲ," ಎನ್ನುತ್ತಾರೆ. ಕೆಲಸ ಹೋಯಿತು. ವರ್ಷವಿಡೀ ಮನೆಯಿಂದ ಹೊರಬೀಳಲಿಲ್ಲ. ಬಾಬ್ಜಿಯೇ ಹಳೆಯ ಕಂಪ್ಯೂಟರ್ ತಂದು, ತಮ್ಮ ತಡವರಿಸುವ ಇಂಗ್ಲಿಷಿನಲ್ಲಿ ಕೀಲಿಗಳ ವಿವರಣೆ ಓದಿ ಹೇಳುತ್ತಿದ್ದರು. ಅನಸೂಯಾ ಒತ್ತಿ ಒತ್ತಿ ಕಲಿತರು. ಬಲಗುಂಡಿಯ ಮೆನು ಮೊದಲ ಸಲ ಕಿವಿಯಲ್ಲಿ ಮಾತಾಡಿದ ಸಂಜೆ ಇಬ್ಬರೂ ಊಟ ಮರೆತಿದ್ದರಂತೆ.

ಕಲಿತದ್ದನ್ನು ಕಲಿಸತೊಡಗಿದರು. ಕಣ್ಣಿಲ್ಲದವರಿಗೆ ಕಂಪ್ಯೂಟರ್ ಯಾಕೆಂದು ಕೇಳಿದವರೇ ಹೆಚ್ಚು. ಅದಕ್ಕೆ ಉತ್ತರ ಕೊಟ್ಟದ್ದು ಅವರ ಶಿಷ್ಯೆ ಶ್ರಾವಣಿ.

ವಿಜಯವಾಡದ ಔಷಧ ವಿತರಣಾ ಕಂಪನಿಯೊಂದು ಆಕೆಯನ್ನು ಪರೀಕ್ಷೆಗೆ ಕರೆದಿತ್ತು. ಸ್ಕ್ಯಾನ್ ಮಾಡಿದ ಕಡತಗಳ ಹೆಸರು ತಿದ್ದಿ ಜೋಡಿಸುವ ಕೆಲಸ. ಕೊಟ್ಟ ಲ್ಯಾಪ್‌ಟಾಪಿನಲ್ಲಿ ಮೆನು ಕೀಲಿಯೇ ಇರಲಿಲ್ಲ. ಅದಿಲ್ಲದಾಗ ಮೆನು ತೆರೆಯುವ ಇನ್ನೊಂದು ದಾರಿಯಂತೆ ಶ್ರಾವಣಿ ಶಿಫ್ಟ್ ಹಿಡಿದು ಎಫ್ ಟೆನ್ ಒತ್ತಿದಳು. ಮೆನು ಬರುವ ಬದಲು ಓದುವ ದನಿಯೇ ನಿಂತುಹೋಯಿತು. ಪಕ್ಕದಲ್ಲಿದ್ದ ಅಧಿಕಾರಿ, ಬೇಕಾದರೆ ಇನ್ನೊಂದು ದಿನ ಬನ್ನಿ ಎಂದರು.

ಆಕೆ ಏಳಲಿಲ್ಲ. ದನಿ ನಿಂತರೆ ಗಾಬರಿಯಾಗದೆ ಒತ್ತಿದ್ದನ್ನೇ ಮತ್ತೆ ಒತ್ತಬೇಕೆಂದು ಅನಸೂಯಾ ಹೇಳಿಕೊಟ್ಟಿದ್ದರು. ಒತ್ತಿದಳು, ದನಿ ಮರಳಿತು. ಈ ಯಂತ್ರದಲ್ಲಿ ಎಫ್ ಟೆನ್ ಕೀಲಿ ಸದ್ದು ಅಡಗಿಸುವುದಕ್ಕಿದೆ ಎಂದು ಹೊಳೆಯಿತು. ಕೀಬೋರ್ಡಿನ ಎಡಮೂಲೆ ತಡವಿ, ಅಂಥ ಕೀಲಿಗಳಿಗೆ ಅವುಗಳ ಮೂಲ ಕೆಲಸ ಮರಳಿಸುವ ಎಫ್ಎನ್ ಕೀಲಿಯನ್ನೂ ಸೇರಿಸಿ ಒತ್ತಿದಳು. ಮೆನು ತೆರೆದುಕೊಂಡಿತು. ಕೊಟ್ಟ ಹೊತ್ತು ಮುಗಿಯುವ ಮೊದಲೇ ಕಡತಗಳೆಲ್ಲ ಸಾಲಾಗಿ ಕೂತಿದ್ದವು. ಅಧಿಕಾರಿ ಅಲ್ಲೇ ಕೈಕುಲುಕಿ, ಸೋಮವಾರದಿಂದ ಬರಲು ಹೇಳಿದರು.

ಬಸ್ ನಿಲ್ದಾಣದಿಂದ ಶ್ರಾವಣಿ ಫೋನ್ ಮಾಡಿ, "ಮೇಡಂ, ಕೆಲಸ ಬಂತು" ಅಂದಳು. ಅನಸೂಯಾ ತರಗತಿಗೆಲ್ಲ ಕೇಳುವಂತೆ ಅದನ್ನು ಎರಡು ಸಲ ಹೇಳಿಸಿದರು. ಕೆಳಗಿನ ಅಂಗಡಿಯಿಂದ ಎಲ್ಲರಿಗೂ ಹೆಸರುಕಾಳಿನ ದೋಸೆ, ಪೆಸರಟ್ಟು ಬಂತು.

ಈಗ ಶ್ರಾವಣಿ ಭಾನುವಾರಗಳಂದು ವಿಜಯವಾಡದಲ್ಲಿ ತಾನೇ ಪಾಠ ಮಾಡುತ್ತಾಳೆ. ಹತ್ತಿರದ ಕೊಂಡಪಲ್ಲಿಯಿಂದಲೂ ಕಲಿಯುವವರು ಬರುತ್ತಾರೆ. ನಿಮ್ಮ ಆಸೆ ಏನೆಂದು ಕೇಳಿದರೆ ಅನಸೂಯಾ ನಗುತ್ತಾರೆ.

"ಒಂದ್ಸಲ ಹೋಗಿ ಅವಳ ಕ್ಲಾಸಲ್ಲಿ ಹಿಂದೆ ಕೂತ್ಕೋಬೇಕು. ಬಂದಿದೀನಿ ಅಂತ ಹೇಳೋದಿಲ್ಲ. ಹೇಗೂ ಅವಳಿಗೆ ಕಾಣಲ್ಲವಲ್ಲ, ಸುಮ್ನೆ ಪಾಠ ಕೇಳಿ ಬಂದುಬಿಡ್ತೀನಿ."