ದೇವಿಗೆ ಕ್ಯಾಬರೆ ಧಾಟಿ

ಈ ಬೆಳಿಗ್ಗೆ ನಾನು ಹಾಡಿದ ದೇವಿ ಭಜನೆಗೆ ನನ್ನ ಮೊಮ್ಮಗಳು ತೊಟ್ಟಿಲಲ್ಲೇ ಎರಡೂ ಕಾಲು ಕುಣಿಸಿದಳು! ಹಿಗ್ಗು ಎದೆಯಲ್ಲಿ ಹಿಡಿಸುತ್ತಿಲ್ಲ. ಭಜನೆ ದೇವಿಯದಾದರೂ ಧಾಟಿ ಸಿನಿಮಾ ಕ್ಯಾಬರೆಯದು. ಅದನ್ನು ಕಲಿಸಿದವಳು ಎಪ್ಪತ್ತರ ದಶಕದಲ್ಲಿ ಆಂಟಾಪ್ ಹಿಲ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಕ್ಕ.

ಗ್ರಾಂಟ್ ರೋಡಿನ ಇರಾನಿ ಹೋಟೆಲಿನಲ್ಲಿ ಕಾಸು ಹಾಕಿದರೆ ಹಾಡುವ ಪೆಟ್ಟಿಗೆಯೊಂದಿತ್ತು. ಅಕ್ಕ ತರಕಾರಿ ಚೀಲ ಹಿಡಿದು ಹೊರಗೇ ನಿಂತು ಧಾಟಿ ಕದ್ದು ತರುತ್ತಿದ್ದಳು, ಮನೆಗೆ ಬಂದು ಅದಕ್ಕೆ ದೇವರ ಹೆಸರು ಜೋಡಿಸುತ್ತಿದ್ದಳು. ಯಾರಾದರೂ ಮೂಗು ಮುರಿದರೆ, "ದೇವರಿಗೂ ಬೇಜಾರು ಬರ್ತದೆ ಮಾರಾಯ್ತಿ" ಎನ್ನುವಳು.

ಒಂದು ನವರಾತ್ರಿಗೆ ದೊಡ್ಡ ಸಂಗೀತ ವಿದ್ವಾಂಸರು ಅತಿಥಿಯಾಗಿ ಬಂದರು. "ಸಿನಿಮಾ ಧಾಟಿ ಕೇಳಿಸಿದರೆ ಇನ್ನು ಹೆಂಗಸರ ಭಜನೆಗೆ ಮೈಕ್ ಇಲ್ಲ" ಎಂದು ಬಿಲ್ಡಿಂಗಿನ ಸೆಕ್ರೆಟರಿ ಮೊದಲೇ ಗದರಿದ್ದರು. ಅಕ್ಕ ಸೆರಗು ಸಿಕ್ಕಿಸಿಕೊಂಡು ಕ್ಯಾಬರೆಯನ್ನೇ ಎತ್ತಿಕೊಂಡಳು. ನಾವು ತಾಳ ಹಾಕುತ್ತಲೇ ಸೆಕ್ರೆಟರಿಯತ್ತ ಕಣ್ಣು ಹಾಯಿಸಿದೆವು. ವಿದ್ವಾಂಸರು ಕಣ್ಣು ಮುಚ್ಚಿ ತೊಡೆ ತಟ್ಟುತ್ತಿದ್ದರು.

"ಯಾವ ರಾಗವಮ್ಮಾ ಇದು?"

"ಇರಾನಿ ಹೋಟೆಲಿನ ಪೆಟ್ಟಿಗೆಯದ್ದು ಸ್ವಾಮಿ. ನಾಲ್ಕಾಣೆ ಹಾಕಿದ್ರೆ ನಿಮಗೂ ಹಾಡ್ತದೆ."

ಸೆಕ್ರೆಟರಿ ಮೈಕಿಗೆ ಕೈ ಹಾಕಿದರು. ಅಷ್ಟರಲ್ಲಿ ವಿದ್ವಾಂಸರು ಜುಬ್ಬಾದ ಜೇಬಿನಿಂದ ನಾಲ್ಕಾಣೆ ತೆಗೆದು ಅಕ್ಕನ ಮುಂದಿಟ್ಟರು.

"ಹಾಗಾದರೆ ಪೆಟ್ಟಿಗೆ ಇನ್ನೊಮ್ಮೆ ಹಾಡಲಿ!"